ಮಾವಿನಹಣ್ಣಿಗೆ ಎಂ.ಟೆಕ್ ಬೇಕಾ?

ಹೆಸರು, ಗುರುತು ಬದಲಿಸಿದ್ದೇನೆ. ಕೆಲಸದ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದ ರಮ್ಯಾಗೆ 27 ವರ್ಷ. ಕೈಗಾ ಸ್ಥಾವರದ ಬಸ್ಸುಗಳನ್ನು ನೋಡುತ್ತಾ ಬೆಳೆದವಳು. ಅಣುಶಕ್ತಿ ಇಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಿದಳು. ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ತರಬೇತಿ ಶಾಲೆಯ ಸಂದರ್ಶನದಲ್ಲಿ ಎರಡು ಸಲ ಕೈತಪ್ಪಿತು. ಸಾಮಾನ್ಯ ವರ್ಗಕ್ಕೆ ಅಲ್ಲಿ ವಯೋಮಿತಿ 26.

"ಇನ್ನು ಈ ಡಿಗ್ರಿ ತಗೊಂಡು ಏನು ಮಾಡಲಿ ಮೇಡಂ?" ಪಕ್ಕದಲ್ಲಿ ಅಪ್ಪ ಸುಮ್ಮನೆ ಕೂತಿದ್ದರು.

ಪ್ರಾಜೆಕ್ಟಿನಲ್ಲಿ ದಿನಾ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಗೋಡೆಯ ಲೆಕ್ಕವಂತೆ. ಎಷ್ಟು ದಪ್ಪದ ಕಾಂಕ್ರೀಟಿಗೆ ಗಾಮಾ ಕಿರಣ ಎಷ್ಟು ಕುಗ್ಗುತ್ತದೆ ಎಂದು ಕಂಪ್ಯೂಟರಿನಲ್ಲಿ ನೋಡೋದು. ನನ್ನ ಪ್ಯಾಡ್ ಎಳೆದುಕೊಂಡು ಬರೆದೇ ತೋರಿಸಿದಳು. ಒಂದು ಕೋಣೆ, ನಡುವೆ ಚುಕ್ಕಿ, ಬಾಗಿಲಿಗೆ ಮುಂಚೆ ತಿರುವು. "ದಾರಿ ನೇರ ಇದ್ದರೆ ಕಿರಣ ಹೊರಗೇ ಬರುತ್ತೆ. ತಿರುವಿದ್ದರೆ ಗೋಡೆಗೆ ಬಡಿದು ಬಡಿದು ಸೊರಗುತ್ತೆ." ಅಳುಮುಖ ಆ ಹೊತ್ತಿಗೆ ಮಾಯವಾಗಿತ್ತು.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ ಕೊಡುವ ಕೋಣೆಗೂ ಇದೇ ತಿರುವು, ಇದೇ ದಪ್ಪ ಗೋಡೆ. ಆದರೆ ಒಂದು ಎಚ್ಚರಿಕೆ ಕೊಟ್ಟೆ. ಅಲ್ಲಿ ಮೆಡಿಕಲ್ ಫಿಸಿಸಿಸ್ಟ್, ಅಂದರೆ ರೋಗಿಗೆ ಕೊಡುವ ವಿಕಿರಣದ ಲೆಕ್ಕ ನೋಡುವವರು, ಆಗಲು ಭೌತಶಾಸ್ತ್ರದ ಎಂ.ಎಸ್ಸಿ ದಾರಿಯಲ್ಲೇ ಬರಬೇಕು. ಎಂ.ಟೆಕ್ ಸಾಕು ಎಂದು ಯಾರಾದರೂ ಫೀಸು ಕೇಳಿದರೆ ನಂಬಬೇಡ. ಗೋಡೆ ಲೆಕ್ಕ ಹಾಕಿಕೊಡುವವರ ಹತ್ತಿರ ಕೆಲಸ ಕೇಳು.

ಅವಳಿಗೆ ಹೆಚ್ಚು ಹೊಂದುತ್ತದೆ ಅನಿಸಿದ್ದು ಗಾಮಾ ಘಟಕ. ಸಿರಿಂಜು, ಮಸಾಲೆ, ಈರುಳ್ಳಿ ಎಲ್ಲ ಗಾಮಾ ಕಿರಣ ಸೂಸುವ ಕೋಬಾಲ್ಟ್-60ರ ಮುಂದೆ ಹಾದುಹೋಗುವ ಜಾಗ. 2007ರಿಂದ ನಮ್ಮ ಮಾವು ಅಮೆರಿಕಕ್ಕೆ ಹೋಗುತ್ತಿರುವುದು ಹೀಗೆ ಕನಿಷ್ಠ 400 ಗ್ರೇ (ಹೀರಿಕೊಂಡ ವಿಕಿರಣದ ಅಳತೆ) ವಿಕಿರಣ ಉಂಡ ಮೇಲೇ. ವಾಟೆಯೊಳಗಿನ ಹುಳು ತಕ್ಷಣ ಸಾಯದಿದ್ದರೂ ಅದರ ಸಂತಾನ ಬೆಳೆಯುವುದಿಲ್ಲ. ಕೋಬಾಲ್ಟಿನ ಕಸುವು ಸುಮಾರು 5.3 ವರ್ಷಕ್ಕೆ ಅರ್ಧವಾಗುತ್ತದೆ. ಹಾಗಾಗಿ ಹಣ್ಣಿನ ಪೆಟ್ಟಿಗೆ ಒಳಗಿರಬೇಕಾದ ಹೊತ್ತನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತಲೇ ಇರಬೇಕು.

ಅಪ್ಪ ಆಗ ಬಾಯಿಬಿಟ್ಟರು. "ಮಾವಿನಹಣ್ಣಿಗೆ ಎಂ.ಟೆಕ್ ಬೇಕಾ?"

ರಮ್ಯಾನೇ ಉತ್ತರ ಕೊಟ್ಟಳು. "ಹಣ್ಣಿಗೆ ಬೇಡಪ್ಪ, ಕೋಬಾಲ್ಟಿಗೆ ಬೇಕು."

ವಿಕಿರಣ ಸುರಕ್ಷತಾ ಅಧಿಕಾರಿಯ ಕೋರ್ಸಿನ ಬಗ್ಗೆ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇಷ್ಟು: ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಆ ಹುದ್ದೆ ಸಿಗೋದಿಲ್ಲ. ಕೆಲಸಕ್ಕೆ ಇಟ್ಟುಕೊಂಡ ಸಂಸ್ಥೆಯೇ ಹೆಸರು ಕಳಿಸಬೇಕು, ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಒಪ್ಪಬೇಕು. ಆದ್ದರಿಂದ ಮೊದಲು ಘಟಕದಲ್ಲಿ ಯಾವ ಕೆಲಸ ಸಿಕ್ಕರೂ ಸೇರಿಕೋ, ಕೋರ್ಸನ್ನು ಅವರ ಮೂಲಕವೇ ಮಾಡು ಎಂದೆ. ಬಯೋಡೇಟಾದಲ್ಲಿ 'ರಿಯಾಕ್ಟರ್ ಫಿಸಿಕ್ಸ್' ಮೇಲಿತ್ತು. ಅದನ್ನು ಕೆಳಗಿಳಿಸಿ ಗೋಡೆಯ ಲೆಕ್ಕವನ್ನು ಮೇಲೆ ತಂದೆವು.

ವಾರದ ನಂತರ ರಮ್ಯಾಳ ಅಮ್ಮನ ಫೋನು. ಮದುವೆ ಆಗಬೇಕಾದ ಹುಡುಗಿ, ಕಿರಣದ ಹತ್ತಿರ ಕೆಲಸವಾ? ಈ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಬಿದ್ದ ವಿಕಿರಣದ ಲೆಕ್ಕ ಅದರಲ್ಲಿ ಸಿಗುತ್ತದೆ, 5 ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಮೇಲೆ ಬಿದ್ದ ವಿಕಿರಣದ ಅಳತೆ) ದಾಟುವಂತಿಲ್ಲ, ಗರ್ಭಿಣಿಗೆ ಮಿತಿ ಇನ್ನೂ ಬಿಗಿ ಎಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಲೆಕ್ಕದ ಕಾಗದ ನಮಗೂ ತೋರಿಸ್ತಾರಾ?"

ಮಗಳಿಗೆ ಕೊಡುತ್ತಾರೆ, ಅವಳ ಹತ್ತಿರ ಕೇಳಿ ನೋಡಿ ಎಂದೆ.