ನಲವತ್ತಮೂರು ಮಾತುಗಳಲ್ಲಿ ಒಂದು

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಅವರು ಮೊದಲ ಭೇಟಿಗೆ ಒಂದು ನೋಟುಪುಸ್ತಕ ತಂದಿದ್ದರು. ತಾವು ಬರೆದು, ರಾಗ ಹಾಕಿ, ಮಲಗುವ ಕೋಣೆಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಹಂಚಿಕೊಂಡ ಹಾಡಿಗೆ ಬಂದ ಅಭಿಪ್ರಾಯಗಳನ್ನೆಲ್ಲ ಕೈಯಾರೆ ನಕಲು ಮಾಡಿಕೊಂಡಿದ್ದರು. ಒಟ್ಟು 43. ಅವುಗಳಲ್ಲಿ ಒಂದರ ಕೆಳಗೆ ಮಾತ್ರ ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದಿತ್ತು: ‘ಸಾಲುಗಳು ಚೆನ್ನಾಗಿವೆ. ದನಿ ಸಾಧಾರಣ. ಬೇರೆಯವರಿಂದ ಹಾಡಿಸಿ.’

ಉಳಿದ 42ರಲ್ಲಿ ಒಂದನ್ನಾದರೂ ನೆನಪಿನಿಂದ ಹೇಳಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿದರು, ಆಮೇಲೆ ಪುಸ್ತಕ ತೆರೆಯಲು ಹೋದರು. ತೆರೆಯಬೇಡಿ ಎಂದಾಗ ಒಂದೂ ಬರಲಿಲ್ಲ.

ಅವರನ್ನು ಇಲ್ಲಿ ‘ಸ’ ಎಂದು ಕರೆಯುತ್ತೇನೆ. ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಆ ಮೂರು ವಾಕ್ಯ ಓದಿದ ರಾತ್ರಿಯೇ ಅವರು ತಮ್ಮ ಹನ್ನೊಂದು ಹಾಡುಗಳನ್ನೂ ಅಳಿಸಿಹಾಕಿದ್ದರು. ಏಳು ವಾರಗಳಿಂದ ಗಿಟಾರು ಮುಟ್ಟಿರಲಿಲ್ಲ. ಆದರೂ ನಡುರಾತ್ರಿ ಎದ್ದು, ಬೇರೆ ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು ಮೊಬೈಲ್ ನೋಡುತ್ತಿದ್ದರು. ಅಳಿಸಿಹಾಕಿದ ಹಾಡಿಗೆ ಯಾರು ಬರೆಯುತ್ತಾರೆ? ಅದು ಅವರಿಗೂ ಗೊತ್ತಿತ್ತು.

ಇಂಥವರು ಬಂದಾಗ ಮೊದಲು ನೋಡಬೇಕಾದದ್ದು ಹಾಡನ್ನಲ್ಲ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದೆ ಹೋಗಿದೆಯೇ, ಊಟ ನಿದ್ದೆ ಕೆಟ್ಟಿವೆಯೇ, ಬದುಕು ಬೇಡವೆನಿಸಿದೆಯೇ ಎಂದು ವಿಚಾರಿಸಿದೆ. ಕಚೇರಿಯ ಕೆಲಸ, ಮಗಳ ಪಾಠ, ಓದು ಎಲ್ಲವೂ ಎಂದಿನಂತೆ ಸಾಗಿದ್ದವು. ನಿಂತದ್ದು ಹಾಡು ಮಾತ್ರ. ನಿದ್ದೆಗೆ ಅಡ್ಡಿಯಾಗಿದ್ದುದು ಮೊಬೈಲು. ಮನೋವೈದ್ಯರ ಬಳಿಗೆ ಕಳುಹಿಸುವ ಅಗತ್ಯ ಕಾಣಲಿಲ್ಲ.

ನನ್ನ ಮೊದಲ ಸಲಹೆ ತಪ್ಪಾಯಿತು. ಹಾಡು ಹಂಚಿಕೊಂಡಿದ್ದ ಪುಟವನ್ನೇ ಎರಡು ವಾರ ಮೊಬೈಲಿನಲ್ಲಿ ತೆರೆಯಬೇಡಿ ಎಂದಿದ್ದೆ. ಅವರು ಮಾತು ಉಳಿಸಿಕೊಂಡರು, ಆದರೆ ದಿನವೂ ಗಂಡನ ಕೈಯಲ್ಲಿ ತೆರೆಸಿದರು. ಬಾಗಿಲು ಹಾಕಿ ಕಿಟಕಿಯಿಂದ ಇಣುಕಿದಂತಾಯಿತು. ನಾನು ಮೊದಲೇ ಯೋಚಿಸಬೇಕಿತ್ತು. ಪ್ರತಿಸಲವೂ ಸಿಗುವ ಬಹುಮಾನಕ್ಕಿಂತ, ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನ ಅಭ್ಯಾಸವನ್ನು ಗಟ್ಟಿಯಾಗಿ ಕಟ್ಟಿಹಾಕುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲೇ ವಿವರವಾಗಿ ತೋರಿಸಿದ್ದಾರೆ. ಹೊಗಳಿಕೆ ಬರುವುದೂ ಹಾಗೆಯೇ: ಒಮ್ಮೆ ಐದು, ಒಮ್ಮೆ ಸೊನ್ನೆ. ಬರಿಯ ನಿಷೇಧ ಅದರ ಎದುರು ನಿಲ್ಲುವುದಿಲ್ಲ.

ಮೂರನೆಯ ಭೇಟಿಯಲ್ಲಿ ಅವರು, ‘ನೀವೇ ಕೇಳಿ ಹೇಳಿ’ ಎಂದು ಹಾಡನ್ನು ಮುಂದಿಟ್ಟರು. ನನಗೆ ಸಂಗೀತದ ಗಂಧವಿಲ್ಲ. ಇದ್ದಿದ್ದರೂ ಅಲ್ಲಿ ನಾನು ಚೆನ್ನಾಗಿದೆ ಎಂದಿದ್ದರೆ ನಲವತ್ತನಾಲ್ಕನೆಯ ಅಭಿಪ್ರಾಯವಾಗುತ್ತಿದ್ದೆ, ಅಷ್ಟೆ. ಕೇಳುತ್ತೇನೆ, ಆದರೆ ಯಾವುದರ ಕಡೆ ಗಮನ ಕೊಡಲಿ, ಪದವೋ, ರಾಗವೋ, ಗಿಟಾರೋ ಎಂದೆ. ಅವರ ಬಳಿ ಉತ್ತರವಿರಲಿಲ್ಲ. ‘ಒಟ್ಟಾರೆ ಹೇಗಿದೆ ಎಂದು ಹೇಳಿ’ ಎಂದರು. ಕೇಳುಗರಿಗೂ ಅವರು ಕಳುಹಿಸಿದ್ದು ಇದೇ ಪ್ರಶ್ನೆಯನ್ನು. ‘ಒಟ್ಟಾರೆ ಹೇಗಿದೆ’ ಎಂಬ ಪ್ರಶ್ನೆಯಲ್ಲಿ ‘ಹಾಡು’ ಎಂಬ ಪದವೇ ಇಲ್ಲ ಎಂದೆ. ಅವರು ತುಂಬ ಹೊತ್ತು ಮಾತನಾಡಲಿಲ್ಲ.

ದನಿಯ ವಿಷಯಕ್ಕೆ ಬಂದಾಗ ಇನ್ನೊಂದು ಸಂಗತಿ ಹೊರಬಿತ್ತು. ಆ ಅಭಿಪ್ರಾಯ ಬರುವ ಮೊದಲೂ ಅವರಿಗೆ ತಮ್ಮ ದನಿ ಹಿಡಿಸುತ್ತಿರಲಿಲ್ಲ. ಧ್ವನಿಮುದ್ರಣ ಕೇಳಿದಾಗಲೆಲ್ಲ ‘ಇದು ನಾನೇ?’ ಎಂದು ಮುಖ ಕಿವುಚುತ್ತಿದ್ದರಂತೆ. ಇದರಲ್ಲಿ ವಿಚಿತ್ರವೇನಿಲ್ಲ. ನಾವು ಮಾತನಾಡುವಾಗ ನಮ್ಮ ದನಿ ಗಾಳಿಯ ಮೂಲಕವಷ್ಟೇ ಅಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿವಿಗೆ ತಲುಪುತ್ತದೆ. ಮೂಳೆ ತಗ್ಗು ಸ್ಥಾಯಿಯ ಕಂಪನಗಳನ್ನು ಚೆನ್ನಾಗಿ ಸಾಗಿಸುವುದರಿಂದ ನಮಗೆ ನಮ್ಮ ದನಿ ತುಂಬಿಕೊಂಡು ಕೇಳಿಸುತ್ತದೆ. ಯಂತ್ರಕ್ಕೆ ಸಿಗುವುದು ಗಾಳಿಯ ಪಾಲು ಮಾತ್ರ, ಅದಕ್ಕೇ ತೆಳುವೆನಿಸುತ್ತದೆ. ಈ ಮುಜುಗರವನ್ನು ಹಾಲ್ಜ್‌ಮನ್ ಮತ್ತು ರೌಸಿ ಎಂಬ ಮನೋವಿಜ್ಞಾನಿಗಳು 1966ರಲ್ಲಿಯೇ ಅಧ್ಯಯನ ಮಾಡಿದ್ದರು. ಲೋಕಕ್ಕೆಲ್ಲ ಪರಿಚಿತವಾದ ನಮ್ಮ ದನಿ ನಮಗೊಬ್ಬರಿಗೇ ಅಪರಿಚಿತ. ‘ಸ’ ಅವರಿಗೆ ನಾನು ಹೇಳಿದೆ: ಆ ಕೇಳುಗ ಬರೆದದ್ದು ನಿಮಗೆ ನಾಟಿತು, ಯಾಕೆಂದರೆ ಅದು ನಿಮ್ಮದೇ ಕೈಬರಹದಲ್ಲಿತ್ತು. ದಿನಕ್ಕೆ ಹತ್ತು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಮುದ್ರಿಸಿಕೊಂಡು ಕೇಳಿ, ಹಾಡು ಬೇಡ, ಬರಿಯ ಓದು ಎಂದೆ. ನಾಲ್ಕನೆಯ ವಾರಕ್ಕೆ ಮುಖ ಕಿವುಚುವುದು ಕಡಿಮೆಯಾಯಿತು. ಇಷ್ಟವಾಯಿತೆಂದಲ್ಲ, ಅಭ್ಯಾಸವಾಯಿತು.

ಒಂದು ದಿನ ಆಟವೊಂದನ್ನು ಆಡಿದೆವು. ಎಲ್ಲರಿಗೂ ಗೊತ್ತಿರುವ ಹಾಡೊಂದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಿರಿ, ನಾನು ಗುರುತಿಸುತ್ತೇನೆ ಎಂದೆ. ಖಂಡಿತ ಗುರುತಿಸುತ್ತೀರಿ ಎಂದು ಬಡಿದರು. ನನಗೆ ಕೇಳಿಸಿದ್ದು ಯಾರೋ ಬಾಗಿಲು ತಟ್ಟಿದಂತೆ. ಇನ್ನೊಮ್ಮೆ ಬಡಿದರು, ಈ ಬಾರಿ ತುಸು ಸಿಟ್ಟಿನಿಂದ. ನಾನು ಹೇಳಿದ ಹೆಸರಿಗೂ ಅವರ ಹಾಡಿಗೂ ಸಂಬಂಧವೇ ಇರಲಿಲ್ಲ. ಆಗ ಅವರು ನಕ್ಕರು, ನನ್ನೆದುರು ಮೊದಲ ಸಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ 1990ರಲ್ಲಿ ನಡೆಸಿದ ಪ್ರಯೋಗವಿದು. ಅಲ್ಲಿ ಬಡಿದ 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು ಮೂರನ್ನು ಮಾತ್ರ. ಬಡಿದವರಾದರೋ ಅರ್ಧದಷ್ಟನ್ನಾದರೂ ಗುರುತಿಸುತ್ತಾರೆಂದು ಎಣಿಸಿದ್ದರು. ಬಡಿಯುವವರ ತಲೆಯೊಳಗೆ ಪಲ್ಲವಿ ಚರಣ ಎಲ್ಲ ಮೊಳಗುತ್ತಿರುತ್ತದೆ. ಕೇಳುವವರಿಗೆ ಸಿಗುವುದು ಟಕ್ ಟಕ್. ಎರಡನೆಯ ಚರಣ ತಿಳಿಯಲಿಲ್ಲ ಎಂದು ಒಬ್ಬರು ಬರೆದದ್ದನ್ನು ‘ಸ’ ಅವಮಾನವೆಂದು ತೆಗೆದುಕೊಂಡಿದ್ದರು. ಆ ದಿನ ಅದನ್ನು ಮತ್ತೆ ಓದಿ, ‘ಇವರಿಗೆ ನಿಜವಾಗಿಯೂ ಕೇಳಿಸಿರಲಿಕ್ಕಿಲ್ಲ’ ಎಂದರು.

ಆಮೇಲೆ ನೋಟುಪುಸ್ತಕದ 43 ಮಾತುಗಳನ್ನು ಪೆನ್ಸಿಲ್ ಹಿಡಿದು ವಿಂಗಡಿಸಿದೆವು. ‘ಸೂಪರ್’, ‘ಚೆನ್ನಾಗಿದೆ’, ಚಪ್ಪಾಳೆಯ ಚಿತ್ರ: 29. ಹಾಡಿನ ನೆಪದಲ್ಲಿ ತಮ್ಮ ಕಥೆ ಹೇಳಿಕೊಂಡವರು: 6. ಹಾಡಿದವರ ಬಗ್ಗೆ: 2, ಆ ‘ಸಾಧಾರಣ’ ಒಂದು, ‘ದನಿಯಲ್ಲಿ ಏನೋ ನೋವಿದೆ’ ಎಂಬುದು ಇನ್ನೊಂದು. ಹಾಡಿನ ಮತ್ತು ಧ್ವನಿಮುದ್ರಣದ ಬಗ್ಗೆ ಉಳಿದದ್ದು 6. ಇಬ್ಬರು ಫ್ಯಾನಿನ ಸದ್ದು ಕೇಳಿಸುತ್ತದೆ ಎಂದಿದ್ದರು. ಒಬ್ಬರಿಗೆ ಸಕಾರ ಕಿವಿಗೆ ಚುಚ್ಚಿತ್ತು. ಒಬ್ಬರಿಗೆ ‘ಭ’ ಬಂದಾಗಲೆಲ್ಲ ಗುದ್ದಿದಂತಾಗಿತ್ತು. ಉಳಿದೆರಡು, ಎರಡನೆಯ ಚರಣದ್ದು ಮತ್ತು ಹಾಡು ತಟ್ಟನೆ ಮುಗಿಯುವುದರದ್ದು. ಇಲ್ಲಿ ‘ಸ’ ನನಗೆ ಪಾಠ ಹೇಳಿದರು: ಪ, ಫ, ಭ ಉಚ್ಚರಿಸುವಾಗ ಬಾಯಿಂದ ಹೊರಡುವ ಗಾಳಿ ನೇರವಾಗಿ ಮೈಕಿಗೆ ಬಡಿಯುತ್ತದಂತೆ, ಮೈಕನ್ನು ಬಾಯಿಯ ಎದುರಿನಿಂದ ಸ್ವಲ್ಪ ಓರೆಗೆ ಸರಿಸಿದರೆ ಗುದ್ದು ಕಡಿಮೆಯಾಗುತ್ತದಂತೆ. ಹೇಳುತ್ತ ಹೇಳುತ್ತ ಕೈಯಿಂದ ಕೋನ ತೋರಿಸಿದರು. ಆ ಕೈಯಲ್ಲಿ ಏಳು ವಾರದ ಹಟ ಇರಲಿಲ್ಲ.

ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 1996ರಲ್ಲಿ ಅಭಿಪ್ರಾಯ ನೀಡಿಕೆಯ ಬಗೆಗಿನ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಅಭಿಪ್ರಾಯ ಸಿಕ್ಕಿದ ಮೇಲೆ ಕೆಲಸ ಕೆಟ್ಟಿತ್ತು. ಗಮನ ಕೆಲಸದಿಂದ ‘ನಾನು’ ಎಂಬುದರ ಕಡೆ ಹೊರಳಿದಷ್ಟೂ ಲಾಭ ಇಳಿಯುತ್ತದೆ ಎಂಬುದು ಅವರ ವಿವರಣೆ. ಹೊಗಳಿಕೆಗೂ ಇದು ಅನ್ವಯಿಸುತ್ತದೆ ಎಂಬ ಮಾತು ‘ಸ’ ಅವರಿಗೆ ಅಷ್ಟು ಹಿಡಿಸಲಿಲ್ಲ.

ಇನ್ನೂ ಹಿಡಿಸದ ಮಾತೊಂದಿತ್ತು. ‘ಬೇರೆಯವರಿಂದ ಹಾಡಿಸಿ ಎಂದದ್ದು ತಪ್ಪಲ್ಲವೇ?’ ಎಂದು ಕೇಳಿದರು. ತಪ್ಪು ಎಂದು ನಾನು ಹೇಳಲಿಲ್ಲ. ಹೇಳಿದ ರೀತಿ ಒರಟು, ಹೇಳಿದ್ದು ಪರಿಶೀಲಿಸಬಹುದಾದದ್ದು. ಬರೆಯುವುದು ಒಂದು ಕಸುಬು, ಹಾಡುವುದು ಇನ್ನೊಂದು. ಎರಡೂ ಒಬ್ಬರಲ್ಲೇ ಇರಬೇಕೆಂದಿಲ್ಲ. ಒಂದು ಹಾಡನ್ನು ಬೇರೆ ದನಿಯಲ್ಲಿ ಕೇಳಿ ನೋಡಿ ಎಂದೆ. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ಬಂದು, ನನ್ನ ಮೇಲೆ ಕೋಪವಿತ್ತು ಎಂದು ನೇರವಾಗಿ ಹೇಳಿದರು. ಸಮಾಧಾನದ ಸುಳ್ಳು ಹೇಳಿದ್ದರೆ ಆ ವಾರ ತಪ್ಪಿಸುತ್ತಿರಲಿಲ್ಲವೇನೋ. ಆದರೆ ನಾನು ಹೊಗಳಿದಾಗ ನಂಬುತ್ತಲೂ ಇರಲಿಲ್ಲ.

ಕೊಟ್ಟ ಸಲಹೆಗಳಲ್ಲಿ ಅವರು ಉಳಿಸಿಕೊಂಡವು ಇವು. ಧ್ವನಿಮುದ್ರಣ ಮುಗಿದ ರಾತ್ರಿಯೇ ಹಂಚುವುದಿಲ್ಲ. ಒಂದು ನಿದ್ದೆ ಕಳೆಯಬೇಕು. ಎಲ್ಲರಿಗೂ ಕಳುಹಿಸುವ ಮೊದಲು ಮೂವರಿಗೆ ಕಳುಹಿಸುತ್ತಾರೆ, ಜೊತೆಗೆ ಒಂದೇ ಒಂದು ಪ್ರಶ್ನೆ, ‘ಹೇಗಿದೆ’ ಅಲ್ಲದ್ದು. ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ ರೂಪಿಸಿದ ಕ್ರಮವೊಂದರಲ್ಲಿ ಕಲಾವಿದರೇ ಮೊದಲು ಪ್ರಶ್ನೆ ಕೇಳುತ್ತಾರೆ, ಅನುಮತಿ ಪಡೆದ ಮೇಲಷ್ಟೇ ನೋಡಿದವರು ತಮ್ಮ ತೀರ್ಪು ಹೇಳುತ್ತಾರೆ. ಅದರಿಂದ ಈ ಒಂದು ಎಳೆಯನ್ನು ತೆಗೆದುಕೊಂಡೆವು. ಅಭಿಪ್ರಾಯಗಳನ್ನು ಓದುವುದು ಸಂಜೆ ಒಮ್ಮೆ, ಪೆನ್ಸಿಲ್ ಹಿಡಿದು. ಯಾರಿಗೂ ಕಳುಹಿಸದ ಹಾಡೊಂದು ಯಾವಾಗಲೂ ಕೈಯಲ್ಲಿರಬೇಕು ಎಂಬುದು ಅವರೇ ಸೇರಿಸಿಕೊಂಡ ನಿಯಮ.

ಕೊನೆಯ ಭೇಟಿಯ ಹೊತ್ತಿಗೆ ಅದೇ ಹಾಡನ್ನು ಫ್ಯಾನ್ ಆರಿಸಿ, ಮೈಕು ಓರೆಮಾಡಿ, ತಮ್ಮದೇ ದನಿಯಲ್ಲಿ ಮತ್ತೆ ಮುದ್ರಿಸಿದ್ದರು. ಮೂವರಿಗೆ ಕಳುಹಿಸಿ, ‘ಎರಡನೆಯ ಚರಣದಲ್ಲಿ ಯಾವ ಪದ ಕೇಳಿಸಲಿಲ್ಲ?’ ಎಂದು ಕೇಳಿದ್ದರು. ಇಬ್ಬರಿಗೆ ಎಲ್ಲವೂ ಕೇಳಿಸಿತ್ತು. ಮೂರನೆಯವರು ‘ಹೊಸಿಲ ದಾಟಿದ ಮೇಲೆ’ ಎಂಬುದನ್ನು ‘ಹಸಿರ ದಾಟಿದ ಮೇಲೆ’ ಎಂದು ಕೇಳಿಸಿಕೊಂಡು, ಆ ಸಾಲು ಬಹಳ ಹಿಡಿಸಿತು ಎಂದು ಬರೆದಿದ್ದರು.

‘ಈಗ ಏನು ಮಾಡುತ್ತೀರಿ?’ ಎಂದೆ.

‘ಹಸಿರೇ ಚೆನ್ನಾಗಿದೆಯೇನೋ’ ಎಂದು ನೋಟುಪುಸ್ತಕ ತೆರೆದರು. ಹೊಸಿಲನ್ನು ಹೊಡೆದುಹಾಕಿರಲಿಲ್ಲ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಹಸಿರು ಎಂದು ಬರೆದಿತ್ತು, ಪೆನ್ಸಿಲಿನಲ್ಲಿ.