ರಿವಿಷನ್ ಸಂಖ್ಯೆಗೆ ಒಂದೇ ಸಾಲು ಸಾಲದು

ಮಾನ್ಯರೇ,

ಸ್ವಿಚ್‌ಗಳ ನಡುವೆ ವಿಲ್ಯಾನ್‌ಗಳ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆಯಾಗಿ ವಿಂಗಡಿಸಿದ ಭಾಗಗಳ) ಪಟ್ಟಿಯನ್ನು ಹಂಚುವ ಸಿಸ್ಕೊ ಕಂಪನಿಯ ವಿಟಿಪಿ ಪ್ರೋಟೋಕಾಲ್ ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಭಾಷೆ ತಿಳಿಯಾಗಿದೆ. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ, ಏಕೆಂದರೆ ಅದನ್ನು ನಂಬಿ ಕೆಲಸಕ್ಕಿಳಿದ ಓದುಗರು ತಮ್ಮ ಕಚೇರಿಯ ನೆಟ್‌ವರ್ಕನ್ನೇ ನಿಲ್ಲಿಸಿಕೊಳ್ಳುವ ಸಾಧ್ಯತೆಯಿದೆ.

ಒಂದು ಸ್ವಿಚ್‌ನಲ್ಲಿ ರಚಿಸಿದ ವಿಲ್ಯಾನ್ ಟ್ರಂಕ್‌ಗಳ (ಹಲವು ವಿಲ್ಯಾನ್‌ಗಳ ದತ್ತಾಂಶವನ್ನು ಒಟ್ಟಿಗೆ ಒಯ್ಯುವ ಕೊಂಡಿಗಳ) ಮೂಲಕ ಅದೇ ಡೊಮೇನ್‌ನ, ಅಂದರೆ ಒಂದೇ ವಿಟಿಪಿ ಹೆಸರಿನ ಗುಂಪಿನ, ಉಳಿದ ಸ್ವಿಚ್‌ಗಳಿಗೂ ತಲುಪುತ್ತದೆ ಎಂಬ ಅನುಕೂಲಕ್ಕೆ ನೀವು ಅರ್ಧ ಲೇಖನವನ್ನೇ ಕೊಟ್ಟಿದ್ದೀರಿ. ಅದಕ್ಕೆ ಒಂದು ಪ್ಯಾರಾ ಸಾಕು. ರಿವಿಷನ್ ಸಂಖ್ಯೆಗೆ ಮಾತ್ರ ಒಂದೇ ಸಾಲು ಸಿಕ್ಕಿದೆ, ಆದರೆ ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆಯೇ. ಪಟ್ಟಿ ಬದಲಾದಾಗಲೆಲ್ಲ ಅದು ಒಂದರಷ್ಟು ಏರುತ್ತದೆ. ಬದಲಾದ ಕೂಡಲೇ, ಬದಲಾಗದಿದ್ದರೂ 300 ಸೆಕೆಂಡಿಗೊಮ್ಮೆ, ಆ ಸಂಖ್ಯೆ ಟ್ರಂಕ್‌ಗಳಲ್ಲಿ ಪ್ರಸಾರವಾಗುತ್ತದೆ. ಡೊಮೇನ್ ಹೆಸರೂ ಪಾಸ್‌ವರ್ಡೂ ಹೊಂದಿಕೆಯಾದರೆ, ತನ್ನದಕ್ಕಿಂತ ದೊಡ್ಡ ಸಂಖ್ಯೆ ಕಂಡ ಸ್ವಿಚ್ ತನ್ನ ಪಟ್ಟಿಯನ್ನು ಕೈಬಿಟ್ಟು ಬಂದದ್ದನ್ನು ಒಪ್ಪಿಕೊಳ್ಳುತ್ತದೆ. ಯಾವ ಪಟ್ಟಿ ಸರಿ ಎಂಬ ವಿವೇಚನೆ ಅದಕ್ಕಿಲ್ಲ.

ಆದ್ದರಿಂದ ‘ಕ್ಲೈಂಟ್ ಆಗಿರುವ ಸ್ವಿಚ್‌ನಿಂದ ಸರ್ವರ್‌ಗೆ ಅಪಾಯವಿಲ್ಲ’ ಎಂಬ ನಿಮ್ಮ ವಾಕ್ಯ ತಪ್ಪು, ಅಪಾಯಕಾರಿಯೂ ಹೌದು. ಸರ್ವರ್ ಸ್ಥಿತಿಯ ಸ್ವಿಚ್‌ನಲ್ಲಿ ನಾವು ವಿಲ್ಯಾನ್ ರಚಿಸಬಹುದು, ಪಟ್ಟಿಯನ್ನು ಪಡೆಯುವ ಕ್ಲೈಂಟ್‌ನಲ್ಲಿ ರಚಿಸಲಾಗದು, ನಿಜ. ಆದರೆ 1 ಮತ್ತು 2ನೇ ಆವೃತ್ತಿಗಳಲ್ಲಿ ಅದು ತನ್ನಲ್ಲಿರುವ ಪಟ್ಟಿಯನ್ನು ಸಾರುತ್ತದೆ, ಸಂಖ್ಯೆ ದೊಡ್ಡದಿದ್ದರೆ ಸರ್ವರ್ ಕೂಡ ಅದಕ್ಕೆ ಮಣಿಯುತ್ತದೆ. ಡೊಮೇನ್ ಹೆಸರಿಲ್ಲದ ಹೊಚ್ಚಹೊಸ ಸ್ವಿಚ್‌ನ ಸಂಖ್ಯೆ 0 ಆದ್ದರಿಂದ ಅದು ಇಂಥ ಹಾನಿ ಮಾಡದು. ಹೆದರಬೇಕಾದದ್ದು ಅದೇ ಡೊಮೇನ್, ಅದೇ ಪಾಸ್‌ವರ್ಡ್ ಇಟ್ಟುಕೊಂಡು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬದಲಾದ ಹಳೆಯ ಸ್ವಿಚ್‌ಗೆ. ಅದನ್ನು ಟ್ರಂಕ್‌ಗೆ ಜೋಡಿಸಿದರೆ ಅದರ ಪಟ್ಟಿಯಲ್ಲಿಲ್ಲದ ವಿಲ್ಯಾನ್‌ಗಳು ಎಲ್ಲೆಡೆ ಅಳಿಯುತ್ತವೆ, ಅವುಗಳಿಗೆ ಸೇರಿದ ಪೋರ್ಟ್‌ಗಳು ನಿಷ್ಕ್ರಿಯವಾಗುತ್ತವೆ.

ಜೋಡಿಸುವ ಮೊದಲು ಸ್ಟಾರ್ಟಪ್ ಕಾನ್ಫಿಗರೇಷನ್ (ಸ್ವಿಚ್ ಚಾಲೂ ಆಗುವಾಗ ಓದುವ ಸೆಟ್ಟಿಂಗ್‌ಗಳು) ಅಳಿಸಿದರೆ ಸಾಕು ಎಂದಿದ್ದೀರಿ. ಸಾಲದು, ಪಟ್ಟಿಯೂ ರಿವಿಷನ್ ಸಂಖ್ಯೆಯೂ ವಿಲ್ಯಾನ್.ಡ್ಯಾಟ್ ಎಂಬ ಪ್ರತ್ಯೇಕ ಕಡತದಲ್ಲಿ ಉಳಿದಿರುತ್ತವೆ. ಸ್ವಿಚ್ಚನ್ನು ಬಂದ ಪಟ್ಟಿಯನ್ನು ತಾನು ಅಳವಡಿಸಿಕೊಳ್ಳದ ಟ್ರಾನ್ಸ್‌ಪರೆಂಟ್ ಸ್ಥಿತಿಗೆ ತಂದು ಹಿಂದಿರುಗಿಸಬೇಕು, ಇಲ್ಲವೇ ಡೊಮೇನ್ ಹೆಸರನ್ನು ಬದಲಿಸಿ ಮತ್ತೆ ಮೊದಲಿನಂತೆ ಇಡಬೇಕು. ಆಗ ಸಂಖ್ಯೆ 0ಗೆ ಇಳಿಯುತ್ತದೆ. ಪೋರ್ಟ್‌ಗಳನ್ನು ವಿಲ್ಯಾನ್‌ಗಳಿಗೆ ಸೇರಿಸುವ ಕೆಲಸವನ್ನೂ ವಿಟಿಪಿಯೇ ಮಾಡುತ್ತದೆ ಎಂಬ ಮಾತನ್ನು ತೆಗೆದುಬಿಡಿ. ಅದನ್ನು ಆಯಾ ಸ್ವಿಚ್‌ನಲ್ಲೇ ಮಾಡಬೇಕು.

3ನೇ ಆವೃತ್ತಿಯನ್ನು ನೀವು ಮುಟ್ಟಿಯೇ ಇಲ್ಲ. ಅದರಲ್ಲಿ ಪ್ರೈಮರಿ ಸರ್ವರ್ ಎಂದು ಘೋಷಿತವಾದ ಸ್ವಿಚ್ ಮಾತ್ರ ಪಟ್ಟಿಯನ್ನು ಬದಲಿಸಬಲ್ಲದು. ಹಿಂದಿನ ಆವೃತ್ತಿಗಳು 1005ರವರೆಗಿನ ವಿಲ್ಯಾನ್‌ಗಳನ್ನಷ್ಟೇ ಹಂಚಿದರೆ ಇದು 4094ರವರೆಗೂ ಹಂಚುತ್ತದೆ. ಮೇಲಿನ ಅಪಾಯಕ್ಕೆ ಉತ್ತರವಾಗಿ ಬಂದ ಈ ಬದಲಾವಣೆಯನ್ನು ಅಪಾಯದ ವಿವರಣೆಯ ಬೆನ್ನಿಗೇ ಬರೆಯಿರಿ.

ಪರಿಷ್ಕರಿಸಿದ ಪ್ರತಿಯೊಂದಿಗೆ, ಹಳೆಯ ಸ್ವಿಚ್ ಜೋಡಿಸುವ ಮುನ್ನ ಮತ್ತು ಜೋಡಿಸಿದ ನಂತರ ಪ್ರಯೋಗಾಲಯದಲ್ಲಿ ಪಡೆದ ‘ಶೋ ವಿಟಿಪಿ ಸ್ಟೇಟಸ್’ ಆದೇಶದ ಫಲಿತಾಂಶಗಳನ್ನೂ ಕಳುಹಿಸಿ. ಅವನ್ನು ಲೇಖನದ ಜೊತೆಗೇ ಅಚ್ಚು ಹಾಕಲು ಬಯಸುತ್ತೇನೆ.

ಇಂತಿ,
ಸಂಪಾದಕ