ನೇವಿ ಹಡಗಿನ ಆರ್ಡರ್ ಕ್ಯಾನ್ಸಲ್ ಆದ್ರೆ ಸಣ್ಣ ವರ್ಕ್‌ಶಾಪಿನವರಿಗೂ ಪರಿಹಾರ ಸಿಗುತ್ತಾ?

ಸರ್ಕಾರದ ಕೆಲಸ, ಆಸ್ಟ್ರೇಲಿಯಾದವರು ಕೊಟ್ಟಂಗೆ ನಮಗೂ ಪರಿಹಾರ ಬರುತ್ತೆ, ರಿಸ್ಕ್ ಇಲ್ಲ ಅಂದ್ಕೊಂಡಿದೀರಲ್ಲ, ಹರಿಹರದಲ್ಲಿ ವರ್ಕ್‌ಶಾಪ್ ಇಟ್ಟಿದ್ದಾಗ ನಾನೂ ಹಿಂಗೇ ಅಂದ್ಕೊಂಡಿದ್ದೆ. ಹಡಗಲ್ಲಿ ಸಮುದ್ರದ ನೀರು ಹರಿಯೋ ಪೈಪಿಗೆ ಕ್ಯುಪ್ರೋ-ನಿಕಲ್ (ತಾಮ್ರ-ನಿಕಲ್ ಮಿಶ್ರಲೋಹ) ಫ್ಲೇಂಜ್, ಅಂದ್ರೆ ಪೈಪ್ ಜೋಡಿಸೋ ಬಳೆ, ಮಾಡೋ ಕೆಲಸ. ಆರ್ಡರ್ ಕೊಟ್ಟಿದ್ದು ಶಿಪ್‌ಯಾರ್ಡ್ ಅಲ್ಲ, ಶಿಪ್‌ಯಾರ್ಡಿಗೆ ಸಪ್ಲೈ ಮಾಡೋರಿಗೆ ಸಪ್ಲೈ ಮಾಡೋ ಇನ್ನೊಂದು ಕಂಪನಿ.

ಪಿಒ, ಅಂದ್ರೆ ಪರ್ಚೇಸ್ ಆರ್ಡರ್‌ನಲ್ಲಿ ಕ್ವಾಂಟಿಟಿ ದೊಡ್ಡದಿತ್ತು, ಆದ್ರೆ ಕೊನೇಲಿ 'ನಾವು ಶೆಡ್ಯೂಲ್ ಕೊಟ್ಟಷ್ಟು ಮಾತ್ರ' ಅಂತಿತ್ತು, ಅಂದ್ರೆ ಅವರು ಆಗಾಗ ಕೇಳಿದಷ್ಟೇ ತಗೊಳ್ತಾರೆ. ಓದಿಲ್ಲ ಅಂತಲ್ಲ ರೀ, ಓದಿದ್ದೆ. ಪ್ಲೇಟ್ ಡೀಲರ್ ಪೂರ್ತಿ ಲಾಟ್ ಎತ್ತಿದ್ರೆ ರೇಟ್ ಇಳಿಸ್ತೀನಿ ಅಂದ, ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಲಿಮಿಟ್ ಪೂರ್ತಿ ಎಳೆದು ಮಾಲು ಇಳಿಸ್ಕೊಂಡೆ, ಸಾಲದ್ದಕ್ಕೆ ಮತ್ತೆ ಮತ್ತೆ ಮಷಿನ್ ಸೆಟ್ಟಿಂಗ್ ಯಾಕೆ ಅಂತ ಅಷ್ಟೂ ಒಂದೇ ಸಲ ಕತ್ತರಿಸಿಟ್ಟೆ. ಆಮೇಲೆ ಮೇಲಿನ ಆರ್ಡರೇ ಕ್ಯಾನ್ಸಲ್. ಪ್ಲೇಟ್ ಹಂಗೇ ಇದ್ದಿದ್ರೆ ಟೆಸ್ಟ್ ಸರ್ಟಿಫಿಕೇಟ್ ಜತೆ ಬೇರೆಯವರಿಗೆ ಮಾರ್ಬೋದಿತ್ತು. ಕತ್ತರಿಸಿದ ಮೇಲೆ ಹೀಟ್ ನಂಬರ್ (ಲೋಹ ಯಾವ ಲಾಟಿಂದು ಅಂತ ಸರ್ಟಿಫಿಕೇಟಿಗೆ ತಾಳೆ ಹಾಕೋ ನಂಬರ್) ಪಂಚ್ ಇರೋದು ಒಂದೇ ತುಂಡಲ್ಲಿ, ಉಳಿದಿದ್ದೆಲ್ಲ ಬರೀ ಬಿಲ್ಲೆ. ದಾವಣಗೆರೆ ಗುಜರಿಯವ ತಾಮ್ರದ ರೇಟೂ ಕೊಡ್ಲಿಲ್ಲ. ಸಣ್ಣ ಉದ್ದಿಮೆಯವರಿಗೆ 45 ದಿನದೊಳಗೆ ದುಡ್ಡು ಕೊಡ್ಬೇಕು ಅನ್ನೋ ಎಂಎಸ್‌ಎಂಇ ರೂಲ್ ಹಿಡ್ಕೊಂಡು ವಕೀಲರ ಹತ್ರ ಹೋದ್ರೆ, ಅದು ಡೆಲಿವರಿ ಕೊಟ್ಟ ಮಾಲಿಗೆ ಕಣ್ರೀ, ಶೆಡ್ಡಲ್ಲಿ ಬಿದ್ದಿರೋದಕ್ಕಲ್ಲ ಅಂದ್ರು.

ಆಸ್ಟ್ರೇಲಿಯಾ 2021ರಲ್ಲಿ 12 ಸಬ್‌ಮರೀನ್ ಬೇಡ ಅಂದು ಮರುವರ್ಷ ಫ್ರಾನ್ಸಿನ ನೇವಲ್ ಗ್ರೂಪಿಗೆ 55.5 ಕೋಟಿ ಯೂರೋ ಕೊಟ್ಟಿದ್ದು ನಿಜ, ಅವರು ಸರ್ಕಾರದ ಜತೆ ನೇರ ಸೈನ್ ಮಾಡಿದ್ದ ಪಾರ್ಟಿ. ಬ್ರಿಟನ್‌ನಲ್ಲಿ 2010ರಲ್ಲಿ ಎರಡನೇ ವಿಮಾನವಾಹಕ ನೌಕೆ ಕ್ಯಾನ್ಸಲ್ ಮಾಡಿದ್ರೆ ಕಟ್ಟೋದಕ್ಕಿಂತ ಜಾಸ್ತಿ ಖರ್ಚು ಅಂತ ಪ್ರಧಾನಿ ಕ್ಯಾಮರೂನ್ ಪಾರ್ಲಿಮೆಂಟಲ್ಲೇ ಹೇಳಿದ್ರು, ಕಾಂಟ್ರಾಕ್ಟ್ ಅಷ್ಟು ಬಿಗಿ. ನಮ್ಮ ಪಿಒ ಎರಡು ಪುಟ.

ಇನ್ನೊಂದು ನಷ್ಟ ಯಾವ ಲೆಕ್ಕಕ್ಕೂ ಬರಲ್ಲ, ಕೆಲಸ ಕಲಿತವರು ಕೈಬಿಟ್ಟು ಹೋಗೋದು. ಮುಂಬೈ ಮಜಗಾಂವ್ ಡಾಕಲ್ಲಿ ಜರ್ಮನಿ ಡಿಸೈನಿನ ಶಲ್ಕಿ, ಶಂಕುಲ್ ಅನ್ನೋ ಸಬ್‌ಮರೀನ್ ಕಟ್ಟಿದ್ರು, ಲಂಚದ ಗಲಾಟೆಲಿ ಮುಂದಿನ ಎರಡು ನಿಂತೋದ್ವು. 1994ರ ಶಂಕುಲ್ ಆದ್ಮೇಲೆ ಆ ಯಾರ್ಡಿಂದ ಇನ್ನೊಂದು ಸಬ್‌ಮರೀನ್ ನೇವಿಗೆ ಸೇರಿದ್ದು 2017ಕ್ಕೆ, ಕಲ್ವರಿ. ಕಲಿತ ವೆಲ್ಡರ್‌ಗಳು ಅಲ್ಲೀತನಕ ಕಾಯ್ತಾರಾ? ಪೀಣ್ಯಕ್ಕೆ ಹೋದ ನಮ್ಮ ಟರ್ನರೇ ವಾಪಸ್ ಬರ್ಲಿಲ್ಲ.

ಆರ್ಡರ್ ಬೇಡ ಅನ್ನಲ್ಲ. ಮಧ್ಯದಲ್ಲಿ ನಿಂತ್ರೆ ತರಿಸಿದ ಮಾಲು, ಅರ್ಧ ಆದ ಕೆಲಸ, ಟೂಲಿಂಗ್ (ಆ ಕೆಲಸಕ್ಕೇ ಮಾಡಿಸಿದ ಉಪಕರಣ) ಖರ್ಚು ಯಾರು ಕೊಡ್ತಾರೆ ಅಂತ ಪಿಒನಲ್ಲೇ ಬರೆಸ್ಕೊಳ್ರಿ. 'ನೇವಿ ಆರ್ಡರ್ ಎಲ್ಲಿ ಹೋಗುತ್ತೆ ಸಾರ್' ಅಂತಾರೆ, ನಂಬಬೇಡಿ. ಬರೆದು ಕೊಡಲ್ಲ ಅಂದ್ರೆ ಒಂದು ಶೆಡ್ಯೂಲಿಗೆ ಬೇಕಾದಷ್ಟೇ ಮಾಲು ತರಿಸ್ರಿ, ರೇಟ್ ಜಾಸ್ತಿ ಬಿದ್ರೂ ಬೀಳ್ಲಿ. ಕತ್ತರಿಸೋ ಮುಂಚೆ ಮಾಲು ತಪಾಸಣೆ ಮಾಡೋ ಇನ್ಸ್‌ಪೆಕ್ಟರ್ ಎದುರಿಗೇ ಪ್ರತಿ ತುಂಡಿಗೂ ಹೀಟ್ ನಂಬರ್ ಪಂಚ್ ಹೊಡಿಸ್ರಿ.